ಜಗಳದ ಬೇರು ಸೀನಿಯಾರಿಟಿ ಪಟ್ಟಿಯಲ್ಲಿದೆ

ವಿಮಾನ ಕಂಪನಿಗಳು ವಿಲೀನವಾದ ಮೇಲೆ ಪೈಲಟ್‌ಗಳು ತಮ್ಮದೇ ಯೂನಿಯನ್ ನಾಯಕರ ಮೇಲೆ ಯಾಕೆ ತಿರುಗಿಬೀಳ್ತಾರೆ ಅಂತ ಕೇಳಿದ್ರಿ. ಸಂಬಳ ಬಿಡಿ ಸರ್, ಸೀನಿಯಾರಿಟಿ ಪಟ್ಟಿ ನೋಡಿ. ಯಾವ ವಿಮಾನ, ಯಾವಾಗ ರಜೆ, ಕ್ಯಾಪ್ಟನ್ ಆಗೋದು ಯಾವಾಗ, ಎಲ್ಲಕ್ಕೂ ಅದೇ ಆಧಾರ.

ಅಮೆರಿಕದಲ್ಲಿ 2005ರಲ್ಲಿ ಯುಎಸ್ ಏರ್‌ವೇಸ್, ಅಮೆರಿಕ ವೆಸ್ಟ್ ಒಂದಾದವು. ಎರಡೂ ಕಡೆಯ ಪೈಲಟ್‌ಗಳಿಗೆ ಇದ್ದದ್ದು ಆಲ್ಪಾ ಎಂಬ ಒಂದೇ ಯೂನಿಯನ್. ಎರಡು ಪಟ್ಟಿ ಸೇರಿಸಿ ಒಂದು ಮಾಡುವಾಗ ಕೆಲಸಕ್ಕೆ ಸೇರಿದ ದಿನಾಂಕವೇ ಲೆಕ್ಕಕ್ಕೆ ಬರಬೇಕು ಅಂದ್ರು ಯುಎಸ್ ಏರ್‌ವೇಸ್‌ನವರು. 2007ರಲ್ಲಿ ಮಧ್ಯಸ್ಥಗಾರರು ಒಪ್ಪಲಿಲ್ಲ. ಯುಎಸ್ ಏರ್‌ವೇಸ್‌ನಲ್ಲಿ ವರ್ಷಾನುಗಟ್ಟಲೆ ದುಡಿದು ಲೇ-ಆಫ್ ಆಗಿದ್ದವರು ಅಮೆರಿಕ ವೆಸ್ಟ್‌ಗೆ ನಿನ್ನೆ ಮೊನ್ನೆ ಸೇರಿದವರಿಗಿಂತ ಕೆಳಗಾದರು. ತನ್ನದೇ ನಿಯಮದಂತೆ ಬಂದ ತೀರ್ಪನ್ನು ಆಲ್ಪಾ ತಳ್ಳಿಹಾಕುವುದಾದರೂ ಹೇಗೆ? (ನನಗೇನೋ ನಾಯಕರ ಮೇಲೆ ಸ್ವಲ್ಪ ಕನಿಕರವೇ ಇದೆ.) ಸಂಖ್ಯೆಯಲ್ಲಿ ಹೆಚ್ಚಿದ್ದ ಯುಎಸ್ ಏರ್‌ವೇಸ್‌ನವರು 2008ರಲ್ಲಿ ಮತ ಹಾಕಿ ಆಲ್ಪಾವನ್ನೇ ಹೊರಗಟ್ಟಿದರು, ಹೊಸ ಯೂನಿಯನ್ ತಂದರು. ಆಮೇಲೂ ವರ್ಷಗಟ್ಟಲೆ ಎರಡು ಗುಂಪೂ ಬೇರೆ ಬೇರೆ ಒಪ್ಪಂದದಲ್ಲೇ ಹಾರಿದವು.