ರಾಮೋನ್ಸ್ ಆಯ್ತು, ಮುಂದೇನು?

ರಾಮೋನ್ಸ್, ಕ್ಲ್ಯಾಶ್ ಬ್ಯಾಂಡುಗಳನ್ನು ಕೇಳಿ ಮುಗಿಸಿದೆ, ಹಳೇ ಪಂಕ್‌ನಲ್ಲಿ (ಎಪ್ಪತ್ತರ ದಶಕದ ಒರಟು ರಾಕ್ ಸಂಗೀತ) ಮುಂದೆ ಯಾವ ಎಲ್‌ಪಿ ರೆಕಾರ್ಡ್ ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ನಾನಾದರೆ ಯೋಚನೆ ಮಾಡದೆ ದಿ ರೇನ್‌ಕೋಟ್ಸ್ ಬ್ಯಾಂಡ್ ಅನ್ನುತ್ತೇನೆ. 1979ರಲ್ಲಿ ಲಂಡನ್ನಿನ ರಫ್ ಟ್ರೇಡ್ ರೆಕಾರ್ಡ್ ಕಂಪನಿ ತಂದ ಅವರ ಮೊದಲ ಆಲ್ಬಂ. ನಾಲ್ವರು ಹೆಂಗಸರು, ಜೊತೆಗೆ ವಯಲಿನ್. ಅದು ನಮ್ಮ ಕಛೇರಿಗಳ ವಯಲಿನ್ ಥರ ನುಣುಪಾಗಿಲ್ಲ, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರ್ ಅನ್ನುತ್ತದೆ, ಡ್ರಮ್ಸ್ ಒಮ್ಮೆ ಓಡುತ್ತದೆ ಒಮ್ಮೆ ತಡವರಿಸುತ್ತದೆ, ಮೊದಲ ಸಲ 'ಇವರಿಗೆ ನುಡಿಸೋಕೇ ಬರಲ್ವಾ' ಅನಿಸಿದರೆ ಗಾಬರಿಯಾಗಬೇಡಿ. ನನಗೂ ಹಾಗೇ ಅನಿಸಿತ್ತು. ಮೂರನೇ ಸಲಕ್ಕೆ ಹುಚ್ಚು ಹಿಡಿಯಿತು.

ಇದು ಎಲ್ಲೂ ಸಿಗದಿದ್ದ ಕಾಲದಲ್ಲಿ ಅಮೆರಿಕದ ನಿರ್ವಾಣ ಬ್ಯಾಂಡಿನ ಹಾಡುಗಾರ ಕರ್ಟ್ ಕೋಬೇನ್ ಇದನ್ನೇ ಹುಡುಕಿಕೊಂಡು ಲಂಡನ್ನಿನ ರಫ್ ಟ್ರೇಡ್ ರೆಕಾರ್ಡ್ ಅಂಗಡಿಗೆ ಹೋದ. ಅಲ್ಲಿಯವರು ಅವನನ್ನು ಹತ್ತಿರದ ಹಳೇ ಸಾಮಾನಿನ ಅಂಗಡಿಗೆ ಕಳಿಸಿದರು. ಅಲ್ಲಿ ಕೆಲಸ ಮಾಡುತ್ತಿದ್ದವಳು ರೇನ್‌ಕೋಟ್ಸ್ ಬ್ಯಾಂಡಿನ ಆನಾ ಡ ಸಿಲ್ವಾ! ಆಮೇಲೆ ಅವನೇ ಬರೆದ ಮಾತಿನ ಜೊತೆ ಆಲ್ಬಂ ಮತ್ತೆ ಬಂತು.

ಸೆಕೆಂಡ್ ಹ್ಯಾಂಡ್ ತೆಗೆಯುವುದಾದರೆ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ತಾಕುವಂಥ ಗೀರು ಇದ್ದರೆ ಬಿಟ್ಟುಬಿಡಿ. ಕವರ್ ಚೆನ್ನಾಗಿದೆ ಅಂತ ನಾನು ತಂದ ಒಂದು ಪ್ಲೇಟ್ ಇವತ್ತಿಗೂ ಒಂದೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ಟಕ್ ಟಕ್ ಅನ್ನುತ್ತದೆ.