ಪ್ರತಿಕ್ರಿಯೆ: ಬೀಳುವ ತೆಂಗಿನಕಾಯಿಯಲ್ಲಿ ಎಷ್ಟು ಶಕ್ತಿ?

ಮರದಿಂದ ಬೀಳುವ ಕಾಯಿಯಲ್ಲಿ ಜಾಸ್ತಿ ಶಕ್ತಿಯೋ, ತಿನ್ನುವ ಕಾಯಿಯಲ್ಲೋ ಅಂತ ಕೇಳಿದ್ದೀರಿ. ಕಾಸರಗೋಡಿನಲ್ಲಿ ಮನೆ ಮನೆಗೂ ತೆಂಗಿನ ಮರ ಇದೆ, ಹಾಗಾಗಿ ನನಗೆ ತುಂಬ ಇಷ್ಟದ ಪ್ರಶ್ನೆ ಇದು.

ಸಿಪ್ಪೆ ಸಮೇತ ಒಂದೂವರೆ ಕಿಲೋ ಕಾಯಿ, 15 ಮೀಟರ್ ಎತ್ತರದ ಮರ ಅಂತ ಇಟ್ಟುಕೊಳ್ಳಿ. ತೂಕ, ಎತ್ತರ, ಗುರುತ್ವದ 9.8 ಗುಣಿಸಿದರೆ ಸುಮಾರು 220 ಜೂಲ್. ಗಾಳಿಯ ತಡೆ ಬಿಟ್ಟರೆ ನೆಲ ಮುಟ್ಟುವಾಗ ವೇಗ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ.

ಈಗ ಒಡೆಯಿರಿ. ಒಳಗೆ 300 ಗ್ರಾಂ ತಿರುಳು ಸಿಕ್ಕರೆ ಸುಮಾರು 1,050 ಕಿಲೋಕ್ಯಾಲರಿ, ಅಂದರೆ 44 ಲಕ್ಷ ಜೂಲ್! ಬೀಳುವ ಶಕ್ತಿಯ ಇಪ್ಪತ್ತು ಸಾವಿರ ಪಟ್ಟು. ಆದರೆ ತಿಂದದ್ದು ಗಂಟೆಗಟ್ಟಲೆ ನಿಧಾನಕ್ಕೆ ಕರಗುತ್ತದೆ. ಬಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ ಎಲ್ಲವನ್ನೂ ಒಂದೇ ಜಾಗಕ್ಕೆ ಕೊಡುತ್ತದೆ. ದಯವಿಟ್ಟು ಮರದಡಿ ಮಕ್ಕಳನ್ನು ಆಡಲು ಬಿಡಬೇಡಿ.

ನನಗೆ ಇನ್ನೂ ಚಂದ ಅನಿಸುವ ಲೆಕ್ಕ ಮರ ಹತ್ತುವವರದು. 60 ಕಿಲೋ ತೂಕದವರು ಆ ಮರ ಏರಲು ಬೇಕಾದದ್ದು 8,800 ಜೂಲ್ ಅಷ್ಟೇ. ದೇಹ ನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸುತ್ತದೆ ಅಂದರೂ ಎರಡೂವರೆ ಗ್ರಾಂ ತಿರುಳು ಸಾಕು. ಒಂದು ಚಿಟಿಕೆ ಕಾಯಿತುರಿ, ಅಲ್ವಾ?

ವಸ್ತುವಿನ ರಾಶಿಯೇ ಶಕ್ತಿಯ ಒಂದು ರೂಪ ಅಂತ ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಸೂತ್ರ (E = mc²) ಹಾಕಿದರೆ ಅದೇ ಇಡೀ ಕಾಯಿಯಲ್ಲಿ 3,750 ಕೋಟಿ ಯೂನಿಟ್ ಕರೆಂಟಿನಷ್ಟು ಶಕ್ತಿ. ಅದನ್ನು ಹೊರಗೆ ತೆಗೆಯುವ ದಾರಿ ಮಾತ್ರ ಇಲ್ಲ.