ನಂಬರ್ ಪ್ಲೇಟ್ ಬೇಕೇ, ಬೇಡವೇ? ಇ-ಸ್ಕೂಟರ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳಿಗೆ 15 ವರ್ಷ. ಟ್ಯೂಷನ್‌ಗೆ ಹೋಗಿಬರಲು ನಂಬರ್ ಪ್ಲೇಟ್ ಬೇಡದ ಇ-ಸ್ಕೂಟರ್ ಕೊಡಿಸಬೇಕೆಂದಿದ್ದೇವೆ. ಇದಕ್ಕೆ ಲೈಸೆನ್ಸ್ ಬೇಡ, ವೇಗ ತಡೆಯುವ ಲಾಕ್ ತೆಗೆಸಿದರೆ 45ರಲ್ಲಿ ಓಡುತ್ತದೆ ಎನ್ನುತ್ತಾರೆ ಅಂಗಡಿಯವರು. ಹೌದೇ? (ಕಾರವಾರ)

ಉತ್ತರ: ಲೈಸೆನ್ಸ್ ಬೇಡವೆಂಬುದು ನಿಜ, ಲಾಕ್ ತೆಗೆಸದಿದ್ದರೆ ಮಾತ್ರ. ಮೋಟರಿನ 30 ನಿಮಿಷದ ಶಕ್ತಿ 250 ವಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರಬಾರದು. ಈ ಮೂರೂ ಕೂಡಿಬಂದು, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಆ ಮಾದರಿಗೆ ಒಪ್ಪಿಗೆ ಕೊಟ್ಟಿದ್ದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವಲ್ಲ. ನೋಂದಣಿ, ವಿಮೆ, ಲೈಸೆನ್ಸ್ ಯಾವುದೂ ಬೇಡ. ಪೆಡಲ್ ತುಳಿಯುವ ಇ-ಸೈಕಲ್‌ಗೂ ಇದೇ ಮಿತಿ. ಜೊತೆಗೆ ತುಳಿಯುವುದು ನಿಲ್ಲಿಸಿದರೆ ಅಥವಾ ವೇಗ 25 ಮುಟ್ಟಿದರೆ ಮೋಟರ್ ತಾನಾಗಿಯೇ ನಿಲ್ಲಬೇಕು. ಎರಡಕ್ಕೂ ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು.

ಲಾಕ್ ತೆಗೆಸಿದ ಕೂಡಲೇ ಅದು ನೋಂದಣಿ ಇಲ್ಲದ ಮೋಟಾರು ವಾಹನ. ಲೈಸೆನ್ಸ್ ಇಲ್ಲದ ಮಗಳು ಸಿಕ್ಕಿಬಿದ್ದರೆ ಪ್ರಕರಣ ನಿಮ್ಮ ಮೇಲೂ ಬರುತ್ತದೆ: ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಲ್ಲಿ ಪೋಷಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಮಗಳಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಯಾರಿಗಾದರೂ ಗುದ್ದಿದರೆ ಪರಿಹಾರವೆಲ್ಲ ಕೈಯಿಂದಲೇ. ಇಂಥ ಆಸೆ ತೋರಿಸುವ ಅಂಗಡಿಯಲ್ಲಿ ಗಾಡಿ ಕೊಳ್ಳಬೇಡಿ. ಬೇರೆಡೆ ಕೊಳ್ಳುವಾಗಲೂ ಮಾದರಿ ಒಪ್ಪಿಗೆಯ ಪ್ರಮಾಣಪತ್ರದ ನಕಲು ಕೇಳಿ ಪಡೆಯಿರಿ.

ಈ ಗಾಡಿಗೆ ಹೆಲ್ಮೆಟ್ ಕಡ್ಡಾಯವಲ್ಲದಿದ್ದರೂ ಐಎಸ್‌ಐ ಗುರುತಿನದನ್ನೇ ಕೊಡಿಸಿ, ಗಲ್ಲದ ಪಟ್ಟಿ ಬಿಗಿಸುವುದನ್ನು ರೂಢಿ ಮಾಡಿಸಿ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇಳಿಯಲು ಬಿಡಬೇಡಿ. 80ರಲ್ಲಿ ಬರುವ ಟ್ಯಾಂಕರಿನವನಿಗೆ 25ರ ಗಾಡಿ ಎದುರಾದರೆ ಬ್ರೇಕ್ ಹಾಕಲು ಸಮಯವೇ ಸಿಗುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಜಗಲಿಯ ಪ್ಲಗ್‌ನಲ್ಲಿ ಚಾರ್ಜ್‌ಗೆ ಹಾಕಿದಾಗ ಗಾಡಿ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಚಾರ್ಜರ್ ಕೆಟ್ಟಿದೆಯೇ? (ಅಂಕೋಲಾ)

ಉತ್ತರ: ಆ ಪ್ಲಗ್ ಬಳಸುವುದನ್ನು ಇಂದೇ ನಿಲ್ಲಿಸಿ. ಇಂಥಲ್ಲಿ ಹೆಚ್ಚಾಗಿ ತಪ್ಪಿರುವುದು ಅರ್ಥಿಂಗ್. ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿಗೆ ತಂತಿಯೇ ಕೂಡಿಸಿರುವುದಿಲ್ಲ. ಕೂಡಿಸಿದ್ದರೂ ನೆಲದ ಅರ್ಥಿಂಗ್ ಗುಂಡಿಯಲ್ಲಿನ ಜೋಡಣೆ ತುಕ್ಕು ತಿಂದು ಕಡಿದಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಮೂರು ಕೆಲಸ ಮಾಡಿಸಿ: ಅರ್ಥಿಂಗ್ ಅಳೆದು ಸರಿಪಡಿಸುವುದು, 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕುವುದು, 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 16 ಆಂಪಿಯರ್ ಸಾಕೆಟ್‌ಗೆ ಪ್ರತ್ಯೇಕ ಲೈನ್ ಎಳೆಯುವುದು. ಸೋರಿಕೆಯಾದ ಕರೆಂಟನ್ನು ಕಂಡು ಲೈನ್ ಕಡಿಯುವುದು ಆರ್‌ಸಿಸಿಬಿ. ಲೋಡ್ ಹೆಚ್ಚಾದಾಗ ತಾನಾಗಿ ಬೀಳುವ ಮನೆಯ ಎಂಸಿಬಿ ಸ್ವಿಚ್ಚಿಗೆ ಆ ಕೆಲಸ ಬಾರದು. ಇಷ್ಟಾದ ಮೇಲೂ ಜುಮ್ ಎಂದರೆ ಚಾರ್ಜರನ್ನು ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ.

750 ವಾಟ್ ಚಾರ್ಜರ್ ಎಳೆಯುವುದು ಮೂರು-ನಾಲ್ಕು ಆಂಪಿಯರ್ ಮಾತ್ರ. ಆದರೆ ಎಳೆಯುವುದು ನಾಲ್ಕೈದು ತಾಸು ಬಿಡದೆ. ಸಡಿಲ ಪಿನ್ ಕಾಯ್ದು ಪ್ಲಾಸ್ಟಿಕ್ ಕರಗುವುದು ಇದರಿಂದಲೇ. ಅರ್ಧ ತಾಸಿನ ನಂತರ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಸಾಕೆಟ್ ಬದಲಿಸಿ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವಯರ್ ಬೇಡವೇ ಬೇಡ. ರಾತ್ರಿ ಎಲ್ಲರೂ ಮಲಗಿರುವಾಗ, ಮನೆಯಿಂದ ಹೊರಬೀಳುವ ಬಾಗಿಲಿಗೆ ಅಡ್ಡವಾಗಿ ಚಾರ್ಜ್‌ಗೆ ಹಾಕಬೇಡಿ.

ಕಡಲ ಗಾಳಿಯಲ್ಲಿ ಉಪ್ಪಿರುವುದರಿಂದ ಚಾರ್ಜಿಂಗ್ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಗಾಡಿ ಆಫ್ ಇರುವಾಗ, ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ. ಕೊಬ್ಬರಿ ಎಣ್ಣೆ ಸವರಬಾರದು, ಧೂಳು ಅಂಟಿ ಇನ್ನಷ್ಟು ಕೆಡುತ್ತದೆ.

ಪ್ರಶ್ನೆ: ಬ್ಯಾಟರಿ 3 ಯೂನಿಟ್‌ನದು. ಇಬ್ಬರು ಕುಮಟಾಕ್ಕೆ ಹೋಗಿಬರಬಹುದೇ? (ಶಿರಸಿ)

ಉತ್ತರ: ಹೋಗಬಹುದು; ಬರುವ ಮೊದಲು ಕುಮಟಾದಲ್ಲಿ ಪೂರ್ತಿ ಚಾರ್ಜ್ ಮಾಡಲೇಬೇಕು. ಒಂದು ಕಡೆಗೆ ಸುಮಾರು 60 ಕಿ.ಮೀ.; ಕಿ.ಮೀ.ಗೆ 30 ವಾಟ್-ಅವರ್ (1,000 ವಾಟ್-ಅವರ್ ಎಂದರೆ 1 ಯೂನಿಟ್) ಹಿಡಿದರೂ 1.8 ಯೂನಿಟ್. ಬರುವಾಗ ಗಾಡಿ, ಇಬ್ಬರು ಸವಾರರು ಸೇರಿ 260 ಕೆ.ಜಿ.ಯನ್ನು ಸುಮಾರು 600 ಮೀಟರ್ ಮೇಲಕ್ಕೆ ಒಯ್ಯಲು ಮತ್ತೆ ಅರ್ಧ ಯೂನಿಟ್. ಮಳೆ, ಎದುರುಗಾಳಿ ಇದ್ದರೆ ಇನ್ನೂ ಹೆಚ್ಚು.

ದೇವಿಮನೆ ಘಟ್ಟ ಹತ್ತುವಾಗ ಗಾಡಿ ತಾನಾಗಿ ನಿಧಾನವಾದರೆ ಮೋಟರ್ ಕಾಯ್ದಿದೆ ಎಂದರ್ಥ. ಬದಿಗೆ ನಿಲ್ಲಿಸಿ ಆರಲು ಬಿಡಿ, ನೀರು ಸುರಿಯಬೇಡಿ. ಇಳಿಯುವಾಗ ರೀಜೆನ್ ಬ್ರೇಕ್ (ಮೋಟರೇ ಗಾಡಿಯನ್ನು ತಡೆದು ಬ್ಯಾಟರಿಗೆ ಕರೆಂಟ್ ತುಂಬುವುದು) ಒಳ್ಳೆಯದೇ. ಆದರೆ ಅದು ಹಿಂದಿನ ಚಕ್ರವನ್ನಷ್ಟೇ ಹಿಡಿಯುತ್ತದೆ. ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಥ್ರಾಟಲ್ ಒಮ್ಮೆಲೇ ಬಿಟ್ಟರೆ ಹಿಂಬದಿ ಜಾರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ಎರಡೂ ಬ್ರೇಕ್ ಬಿಟ್ಟು ಬಿಟ್ಟು ಒತ್ತಿ. ಬ್ಯಾಟರಿ ಪೂರ್ತಿ ತುಂಬಿದ್ದರೆ ರೀಜೆನ್ ಕೆಲಸ ಮಾಡದು. ಶಿರಸಿಯಿಂದ ಹೊರಟವರಿಗೆ ಘಟ್ಟ ಸಿಗುವಷ್ಟರಲ್ಲಿ ಚಾರ್ಜ್ ಇಳಿದಿರುತ್ತದೆ. ಘಟ್ಟದ ನೆತ್ತಿಯಲ್ಲೇ ಮನೆ ಇರುವವರು ಶೇ. 90ಕ್ಕೆ ನಿಲ್ಲಿಸುವುದು ಲೇಸು.

ಪ್ರಶ್ನೆ: ನೆರೆ ನೀರಿನಲ್ಲಿ ಗಾಡಿ ಮುಳುಗಿತ್ತು. ಐಪಿ67 ಎಂದು ಬರೆದಿದೆ. ಒಣಗಿಸಿ ಓಡಿಸಬಹುದೇ? (ಹೊನ್ನಾವರ)

ಉತ್ತರ: ಬೇಡ. ಐಪಿ67 ಎಂದರೆ 1 ಮೀಟರ್ ಆಳದ ಶುದ್ಧ ನೀರಿನಲ್ಲಿ 30 ನಿಮಿಷದ ಪರೀಕ್ಷೆ, ಅದೂ ಹೊಸ ಸೀಲ್ ಇರುವಾಗ. ಕೆಸರಿಗೆ, ಉಪ್ಪುನೀರಿಗೆ ಆ ಭರವಸೆ ಇಲ್ಲ. ಆನ್ ಮಾಡದೆ, ಚಾರ್ಜ್‌ಗೆ ಹಾಕದೆ, ಮನೆಯಿಂದ ದೂರ ಬಯಲಲ್ಲಿ ನಿಲ್ಲಿಸಿ, ಬೇರೆ ವಾಹನದಲ್ಲಿ ಹೇರಿಕೊಂಡು ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಒಳಗೆ ನೀರು ಹೊಕ್ಕ ಬ್ಯಾಟರಿ ಎಷ್ಟೋ ದಿನ ಬಿಟ್ಟು ಹೊತ್ತಿಕೊಳ್ಳುವುದುಂಟು. ಹೊಗೆ ಅಥವಾ ಸಿಹಿ ವಾಸನೆ ಬಂದರೆ ಹತ್ತಿರ ಹೋಗದೆ 112ಕ್ಕೆ ಕರೆ ಮಾಡಿ, ಲಿಥಿಯಂ ಬ್ಯಾಟರಿ ಎಂದು ತಿಳಿಸಿ.